ಕರುಣಮ್ಮ ಕೇಳದ ವೇದಪಾಠ

ನಮ್ಮ ಮನೆಯ ಫ್ರಿಜ್ಜಿಗೆ ಹಿಂದಿನ ಎಡಗಾಲು ಸ್ವಲ್ಪ ಮೋಟು. ಅದು ಚಾಲೂ ಆದಾಗಲೆಲ್ಲ ಚಳಿಜ್ವರ ಹಿಡಿದವರಂತೆ ಗಡಗಡ ನಡುಗಿ, ಮೇಲಿಟ್ಟ ಪಾತ್ರೆಗಳನ್ನೆಲ್ಲ ಕುಣಿಸಿ, ಆಮೇಲೆ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿತ್ತು. ಕಳೆದ ವಾರ ಇದ್ದಕ್ಕಿದ್ದಂತೆ ಅದರ ನಡುಕ ನಿಂತಿತು. ಈ ಸೌಖ್ಯಕ್ಕೆ ಕಾರಣವೇನೆಂದು ಬಗ್ಗಿ ನೋಡಿದೆ. ಮೋಟುಗಾಲಿನ ಕೆಳಗೆ, ಧೂಳು ಮೆತ್ತಿಕೊಂಡು, ನಮ್ಮ ಮನೆಯ ಕಜ್ಜಾಯದ ಮಣೆ ಮಲಗಿತ್ತು.

"ಇದನ್ನು ಇಲ್ಲಿ ಇಟ್ಟವರು ಯಾರು?" ಎಂದು ಗುಡುಗಿದೆ.

"ನಾನೇ," ಎಂದಳು ನನ್ನ ಹೆಂಡತಿ ಕರುಣಮ್ಮ, ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ. "ಅಷ್ಟು ಸರಿಯಾದ ದಪ್ಪದ್ದು ಮನೇಲಿ ಬೇರೆ ಯಾವುದೂ ಸಿಗಲಿಲ್ಲ. ಮೆತ್ತಗೆ ಮಾತಾಡಿ, ಬೀದಿ ಕೊನೆವರೆಗೂ ಕೇಳಿಸುತ್ತೆ."

ಬೀದಿಯ ಕೊನೆಯವರೆಗೆ ಕೇಳಿಸುವ ಈ ಧ್ವನಿಯ ವಿಚಾರವನ್ನು ಓದುಗರು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹುಣಸೂರಿನ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿ ನಾನು ಹಳಗನ್ನಡದ ಕಂದಪದ್ಯಗಳನ್ನು ಪಾಠ ಹೇಳುತ್ತಿದ್ದಾಗ, ಪಕ್ಕದ ಕೊಠಡಿಯ ಗಣಿತದ ಮೇಷ್ಟ್ರು ಬೀಜಗಣಿತ ನಿಲ್ಲಿಸಿ ಕಿಟಕಿ ಮುಚ್ಚುತ್ತಿದ್ದರು. ನನಗೆ ಮೈಕು ಎಂಬ ಯಂತ್ರದ ಅಗತ್ಯ ಎಂದೂ ಬಿದ್ದದ್ದಿಲ್ಲ. ಇದು ಜಂಬವಲ್ಲ. ಜಂಬವೇ ಎಂದು ಕರುಣಮ್ಮ ಹೇಳುತ್ತಾಳೆ, ಅದು ಬೇರೆ ವಿಷಯ.

ಮಣೆಯ ವಿಷಯಕ್ಕೆ ಬರುತ್ತೇನೆ. ಎಣ್ಣೆಯಿಂದ ತೆಗೆದ ಕಜ್ಜಾಯವನ್ನು ಇದರ ಮೇಲಿಟ್ಟು ಚಪ್ಪಟೆ ಸೌಟಿನಿಂದ ಒತ್ತಿದರೆ, ಕುಡಿದ ಎಣ್ಣೆಯನ್ನೆಲ್ಲ ಅದು ಕಕ್ಕುತ್ತದೆ. ನಡುವೆ ತುಸು ತಗ್ಗು, ಒಂದು ಬದಿಗೆ ಎಣ್ಣೆ ಇಳಿದುಹೋಗಲು ಬೆರಳಗಲದ ಕಾಲುವೆ. ನೆರೆಮನೆಯ ಬಡಗಿ ರಹಮತ್ ಸಾಹೇಬರು ಯಾರದೋ ಮನೆಯ ಬಾಗಿಲ ಚೌಕಟ್ಟಿಗೆ ತಂದು ಮಿಕ್ಕಿದ ಹಲಸಿನ ತುಂಡಿನಲ್ಲಿ ಇದನ್ನು ಮಾಡಿಕೊಟ್ಟವರು. ದುಡ್ಡು ಕೊಡಹೋದಾಗ, "ದುಡ್ಡು ಬ್ಯಾಡ ಮೇಷ್ಟ್ರೇ, ಕಿರಿಸ್ಮಸ್ ದಿವ್ಸ ಮೊದಲ್ನೇ ತಟ್ಟೆ ನಮ್ಮನೆಗೆ ಬರ್ಬೇಕು, ಅಷ್ಟೇ ಕರಾರು," ಎಂದಿದ್ದರು. ಎಷ್ಟೋ ವರ್ಷಗಳ ಕಾಲ ಆ ಕರಾರು ಮುರಿಯಲಿಲ್ಲ. ಮುರಿದ ವರ್ಷದ ಕಥೆಯನ್ನೇ ಈಗ ಹೇಳಹೊರಟಿರುವುದು. ಆದರೆ ನೇರವಾಗಿ ಹೇಳುವುದಕ್ಕೆ ನನ್ನ ಕೋಪ ಬಿಡುವುದಿಲ್ಲ. ಮೊದಲು ಅದನ್ನು ಇಳಿಸಿಕೊಳ್ಳುತ್ತೇನೆ.

ನನ್ನ ತಂದೆ ಕೃಷ್ಣರಾಜನಗರದ ಕಡೆಯ ಒಂದು ಹಳ್ಳಿಯ ಕ್ರೈಸ್ತ ಸಭೆಗೆ ಉಪದೇಶಿಯಾಗಿದ್ದರು. ಸುತ್ತ ನಾಲೆಯ ನೀರು, ಭತ್ತದ ಗದ್ದೆ. ಕ್ರಿಸ್ತಜಯಂತಿಯ ಹೊತ್ತಿಗೆ ಭತ್ತದ ಕೊಯ್ಲು ಆಗಿರುತ್ತಿತ್ತು. ಹೆಂಚಿನ ಮಾಡಿನ ಆ ಸಣ್ಣ ದೇವಾಲಯದ ನೆಲಕ್ಕೆ ಹೊಸ ಹುಲ್ಲನ್ನು ಮೊಣಕಾಲೆತ್ತರ ಹರಡುತ್ತಿದ್ದರು. ಅಲಂಕಾರವೆಂದರೆ ಅದೊಂದೇ. ಕರ್ತನು ಹುಟ್ಟಿದ್ದು ಹುಲ್ಲಿನ ಮೇಲೆ, ಆದ್ದರಿಂದ ಆ ಒಂದು ದಿನ ಗೌಡರಾಗಲಿ ಜೀತದಾಳಾಗಲಿ ಕೂರುವುದು ಹುಲ್ಲಿನ ಮೇಲೆಯೇ ಎಂದು ನನ್ನ ತಂದೆ ಹೇಳುತ್ತಿದ್ದರು. ಹುಲ್ಲು ಮೈಗೆ ಚುಚ್ಚುತ್ತಿತ್ತು, ತುರಿಸುತ್ತಿತ್ತು, ಸೀನು ಬರುತ್ತಿತ್ತು. ಆದರೆ ಅದರ ಹಸಿ ಬೆಚ್ಚನೆಯ ವಾಸನೆಯೊಳಗೆ ತಂದೆಯ ಪ್ರಾರ್ಥನೆ ಕೇಳುತ್ತ ಕೂತಾಗ, ಲೋಕದಲ್ಲಿ ನಮಗೆ ಇನ್ನೇನೂ ಬೇಕಾಗಿಲ್ಲ ಎನ್ನಿಸುತ್ತಿತ್ತು. ನಮಗೆ ಏನೂ ಇರಲಿಲ್ಲ ಎಂಬುದೂ ನಿಜ.

ಮುಂದೆ ನನಗೆ ಮೊದಲ ನೌಕರಿ ಸಿಕ್ಕಿದ್ದು ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿ ನಮ್ಮವರೆಂದರೆ ಒಬ್ಬ ಕಾಂಪೌಂಡರು, ಅರಣ್ಯ ಇಲಾಖೆಯ ಒಬ್ಬ ಗುಮಾಸ್ತ, ಆತನ ಹೆಂಡತಿ ಮತ್ತು ನಾನು. ದೇವಾಲಯವಿರಲಿಲ್ಲ. ಕಾಂಪೌಂಡರ ಮನೆಯ ಜಗುಲಿಯಲ್ಲಿ ಕೀರ್ತನೆ ಹಾಡಿ, ಸುಟ್ಟ ಅವರೆಕಾಯಿ ತಿಂದು, ಬೆಲ್ಲದ ಕಾಫಿ ಕುಡಿದರೆ ಹಬ್ಬ ಪೂರೈಸಿತು. ಆನೆ ಬಂದಿದೆಯೆಂದು ಯಾರೋ ಕೂಗಿದ್ದರಿಂದ ಒಂದು ವರ್ಷ ಆಶೀರ್ವಾದದ ಪ್ರಾರ್ಥನೆಯನ್ನು ಬಾಗಿಲು ಹಾಕಿಕೊಂಡು ಮಂಚದ ಹಿಂದೆ ನಿಂತು ಮಾಡಿದೆವು. ಆ ದಿನವೂ ನನ್ನ ಮನಸ್ಸು ಶಾಂತವಾಗಿಯೇ ಇತ್ತು. ಕಾಡಾನೆ ಕೆಡಿಸದ ಆ ಶಾಂತಿಯನ್ನು ಮುಂದೆ ಒಂದು ಹಬ್ಬದ ಕಮಿಟಿ ಕೆಡಿಸಿತು ಎಂದರೆ, ಕಮಿಟಿಯ ಶಕ್ತಿಯನ್ನು ನೀವೇ ಊಹಿಸಿಕೊಳ್ಳಿ.

ಹುಣಸೂರಿನ ನಮ್ಮ ಸಭೆ ದೊಡ್ಡದೇನೂ ಅಲ್ಲ. ಆದರೆ ಹಿರಿಯರು ಹಾಕಿಕೊಟ್ಟ ಒಂದು ಪದ್ಧತಿ ಅಲ್ಲಿತ್ತು. ಬೇರೆ ಕಡೆ ಇರುವುದನ್ನು ನಾನು ಕಂಡಿಲ್ಲ. ಕ್ರಿಸ್ಮಸ್ ದಿನ ನಸುಕಿನಲ್ಲಿ ಆರಾಧನೆ. ಅದರಲ್ಲಿ ಕರ್ತನ ಜನನದ ವೇದಪಾಠವನ್ನು ಯಾರು ಓದುತ್ತಾರೋ, ಆರಾಧನೆ ಮುಗಿದ ಮೇಲೆ ಸಭೆಯವರೆಲ್ಲರೂ ಕೀರ್ತನೆ ಹಾಡುತ್ತ ಅವರ ಮನೆಗೆ ಹೋಗಬೇಕು. ಅಲ್ಲಿ ಬಿಸಿ ಕಜ್ಜಾಯ ಮತ್ತು ಕಾಫಿ. ವಾಕ್ಯವನ್ನು ಹಂಚಿದವನು ಅನ್ನವನ್ನೂ ಹಂಚಬೇಕೆಂಬುದು ಇದರ ತಾತ್ಪರ್ಯ. ಬಹಳ ಸುಂದರವಾದ ತಾತ್ಪರ್ಯ. ಸುಂದರವಾದ ತಾತ್ಪರ್ಯಗಳ ಹಿಂದೆ ಯಾವುದಾದರೂ ಹೆಂಗಸು ಒಲೆಯ ಮುಂದೆ ಕುಳಿತಿರುತ್ತಾಳೆ ಎಂಬುದನ್ನು ಮಾತ್ರ ತಾತ್ಪರ್ಯ ಬರೆಯುವವರು ಬರೆಯುವುದಿಲ್ಲ.

ಮೇಲೆ ಹೇಳಿದ ಧ್ವನಿಯ ದೆಸೆಯಿಂದ, ಆ ಪಾಠ ಓದುವ ಭಾಗ್ಯ ಪ್ರತಿ ವರ್ಷ ನನ್ನದೇ ಆಯಿತು. ನಾನು ದೇವಾಲಯದಲ್ಲಿ ಬಿಳಿಯ ಪಂಚೆಯುಟ್ಟು, ಜರಿಯ ಶಲ್ಯ ಹೊದ್ದು ನಿಂತು ಓದುವಾಗ, ಕರುಣಮ್ಮ ಮನೆಯಲ್ಲಿ ಬಾಣಲೆಯ ಮುಂದೆ. ಮದುವೆಯಾಗಿ ಹುಣಸೂರಿಗೆ ಬಂದಂದಿನಿಂದ ಅವಳು ಒಂದು ವರ್ಷವೂ ಕ್ರಿಸ್ಮಸ್ಸಿನ ಆರಾಧನೆಯಲ್ಲಿ ಕೂತಿರಲಿಲ್ಲ. ಗಂಟೆಯ ಸದ್ದು ಮಾತ್ರ ಅಡುಗೆಮನೆಗೆ ಕೇಳುತ್ತಿತ್ತು. ಮೊದಲ ಗಂಟೆಗೆ ಬಾಣಲೆ ಒಲೆಗೆ ಏರಬೇಕು, ಎರಡನೆಯ ಗಂಟೆಗೆ ಹಿಟ್ಟು ಬಾಳೆಯೆಲೆಯ ಮೇಲೆ ತಟ್ಟಬೇಕು ಎಂದು ಅವಳ ಲೆಕ್ಕ. ದೇವರ ಆಲಯದ ಗಂಟೆಯನ್ನು ಎಣ್ಣೆ ಕಾಯಿಸುವ ಗಂಟೆಯಾಗಿ ಮಾಡಿಬಿಟ್ಟಿದ್ದರಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನಗೆ ಪ್ರಾರ್ಥನೆ ಮಾಡಲು ಕಲಿಸಿದವಳು ಇವಳು. ಉಪದೇಶಿಯ ಮಗನಾದ ನನಗೆ ಪ್ರಾರ್ಥನೆಯ ವಾಕ್ಯರಚನೆ ಗೊತ್ತಿತ್ತು. ವಿಭಕ್ತಿ ತಪ್ಪದೆ, ಸಮಾಸ ಕೆಡದೆ, ದೀರ್ಘವಾಗಿ ಪ್ರಾರ್ಥಿಸಬಲ್ಲವನಾಗಿದ್ದೆ. ಅವಳು ಮಲಗುವ ಮುನ್ನ ಚಾಪೆಯ ಮೇಲೆ ಕೂತು, "ಸ್ವಾಮಿ, ಇವತ್ತು ಇಷ್ಟಾಯ್ತು. ಮಿಕ್ಕಿದ್ದು ನೀನು ನೋಡ್ಕೋ," ಎನ್ನುತ್ತಿದ್ದಳು. ಅದರ ಮುಂದೆ ನನ್ನ ಸಮಾಸಗಳೆಲ್ಲ ಊದಿದ ಬಲೂನಿನ ಹಾಗೆ ಕಾಣತೊಡಗಿದವು. ಅಂಥವಳು ಹಬ್ಬದ ಮುಖ್ಯ ಪಾಠವನ್ನು, ಅದೂ ಕಟ್ಟಿಕೊಂಡ ಗಂಡ ಓದುವ ಪಾಠವನ್ನು, ಒಮ್ಮೆಯೂ ಕೇಳಿಲ್ಲ. ಕಜ್ಜಾಯ ತಿನ್ನಲು ಬಂದವರು, "ಪಂಡಿತರು ಈ ಸಲ ಬಹಳ ಚೆನ್ನಾಗಿ ಓದಿದ್ರು ಕಣಮ್ಮ," ಎಂದಾಗ ಅವಳು ಸೆರಗಿನಿಂದ ಹಣೆ ಒರೆಸಿಕೊಂಡು, "ಹೌದಾ? ಇನ್ನೊಂದು ಹಾಕಲಾ?" ಎನ್ನುತ್ತಿದ್ದಳು.

"ಇನ್ನು ಮೇಲೆ ನಾನು ಓದುವುದಿಲ್ಲ," ಎಂದು ಒಮ್ಮೆ ಪ್ರತಿಜ್ಞೆ ಮಾಡಿದೆ. "ಬೇರೆ ಯಾರಾದರೂ ಓದಲಿ. ಅವರ ಹೆಂಡತಿ ಕರಿಯಲಿ. ನೀನು ಬಂದು ಆರಾಧನೆಯಲ್ಲಿ ಕೂರು."

"ಅಂದ್ರೆ ನನ್ನ ಬದಲು ಇನ್ನೊಬ್ಬಳು ಒಲೆ ಮುಂದೆ ಕೂರಬೇಕು. ಇದೇನಾ ನಿಮ್ಮ ನ್ಯಾಯ?" ಎಂದಳು.

ನಾನು ಸುವಾರ್ತೆಯ ಆಧಾರ ತೆಗೆದೆ. ಕರ್ತನು ಮನೆಗೆ ಬಂದಾಗ ಅಡುಗೆಯ ಗಡಿಬಿಡಿಯಲ್ಲೇ ಉಳಿದ ಅಕ್ಕ, ಅವನ ಪಾದದ ಬಳಿ ಕೂತು ಮಾತು ಕೇಳಿದ ತಂಗಿ, ಇಬ್ಬರ ಪ್ರಸಂಗವನ್ನು ವ್ಯಾಖ್ಯಾನದೊಡನೆ ವಿವರಿಸಿದೆ. ತಂಗಿಯೇ ಒಳ್ಳೆಯದನ್ನು ಆರಿಸಿಕೊಂಡಳೆಂದು ಸ್ವತಃ ಕರ್ತನೇ ಹೇಳಿದನಲ್ಲವೇ ಎಂದು ಕೇಳಿದೆ.

ಕರುಣಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅಷ್ಟೆಲ್ಲ ಹೇಳಿ ಆದ ಮೇಲೆ ಸ್ವಾಮಿ ಆ ಮನೇಲಿ ಊಟ ಮಾಡಿದನೋ ಇಲ್ವೋ?" ಎಂದಳು.

"ಮಾಡಿರಬಹುದು."

"ಬಡಿಸಿದ್ದು ಯಾರು?"

ನಾನು ಆ ದಿನ ಎದ್ದು ಹೊರಗೆ ಹೋಗಿ ತುಳಸಿ, ದಾಸವಾಳಗಳಿಗೆ ನೀರು ಹಾಕಿದೆ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸಬಹುದಿತ್ತು. ತೊಂಬತ್ತರ ದಶಕ ಕಳೆಯುತ್ತ ಬಂದಂತೆ ಕಜ್ಜಾಯದ ಜೊತೆಗೆ ಕರ್ಜಿಕಾಯಿ ಬಂತು. ಕರ್ಜಿಕಾಯಿ ಒಂಟಿಯಾಗಿ ಬರಲಿಲ್ಲ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಅಚ್ಚನ್ನು ಹಿಟ್ಟಿಗೆ ಅದ್ದಿ ಕರಿಯುವ ಹೂವಿನ ಆಕಾರದ ಒಂದು ತಿಂಡಿ, ಮೇಲೆ ಮೈಸೂರಿನ ಬೇಕರಿಯಿಂದ ತಂದ ಕಪ್ಪು ಕೇಕು. ಪಿರಿಯಾಪಟ್ಟಣದ ನನ್ನ ನಾದಿನಿ ಡಿಸೆಂಬರ್ ಹುಟ್ಟಿದೊಡನೆ ಫೋನು ಮಾಡಿ, "ಅಕ್ಕಾ, ಈ ಸಲ ಎಷ್ಟು ಬಗೆ?" ಎಂದು ಕೇಳುವಳು. ನಮಗಿಂತ ಒಂದು ಬಗೆ ಹೆಚ್ಚು ಮಾಡುವುದೇ ಅವಳ ಆಗಮನ ಕಾಲದ ಧ್ಯಾನ. ಆಗಮನ ಕಾಲವೆಂದರೆ ಮೌನವಾಗಿ, ಮಿತವಾಗಿ, ಕರ್ತನನ್ನು ಎದುರುನೋಡುವ ವಾರಗಳು. ನಾವು ಎದುರುನೋಡುತ್ತಿದ್ದುದು ಎಣ್ಣೆಯ ಡಬ್ಬಕ್ಕೆ. ಆ ವಾರಗಳಲ್ಲಿ ಕೋಪ ಮಾಡುವುದಿಲ್ಲವೆಂದು ನಾನು ಪ್ರತಿ ವರ್ಷ ವ್ರತ ಹಿಡಿಯುತ್ತಿದ್ದೆ. ವ್ರತ ಸಾಮಾನ್ಯವಾಗಿ ಮೊದಲ ದಿನ ಮಧ್ಯಾಹ್ನದವರೆಗೆ ನಡೆಯುತ್ತಿತ್ತು.

ಅದು ಮುರಿಯುವುದಕ್ಕೆ ಹೆಚ್ಚಾಗಿ ಆನಂದಪ್ಪನೇ ಕಾರಣ. ನಮ್ಮ ಸಭೆಯ ಕಾರ್ಯದರ್ಶಿ, ನನ್ನ ಹಳೆಯ ಶಿಷ್ಯ, ಒಳ್ಳೆಯವನು, ಉತ್ಸಾಹಿ. ಉತ್ಸಾಹಿಗಳಿಂದ ಧರ್ಮಕ್ಕೆ ಆಗಿರುವ ತೊಂದರೆ ನಾಸ್ತಿಕರಿಂದಲೂ ಆಗಿಲ್ಲವೆಂದು ನನ್ನ ಅಭಿಪ್ರಾಯ. ಒಳ್ಳೆಯ ನಕ್ಷತ್ರ ಕಟ್ಟಿದ ಮನೆಗೆ ಬಹುಮಾನ, ಒಳ್ಳೆಯ ಕೇಕಿಗೆ ಬಹುಮಾನ, ಗೊಂಬೆಗಳನ್ನಿಟ್ಟು ಕಟ್ಟಿದ ಒಳ್ಳೆಯ ಕೊಟ್ಟಿಗೆಗೆ ಬಹುಮಾನ ಎಂದು ಅವನು ಘೋಷಿಸಿದ. ಇರಲು ಜಾಗವಿಲ್ಲದೆ ದನಗಳ ನಡುವೆ ಹೆರಿಗೆಯಾದ ತಾಯಿಯ ಕೊಟ್ಟಿಗೆಗೆ ಪ್ರಥಮ ಬಹುಮಾನ, ದ್ವಿತೀಯ ಬಹುಮಾನ! "ಸಮಾಧಾನಕರ ಬಹುಮಾನವೂ ಇದೆ ಮೇಷ್ಟ್ರೇ," ಎಂದು ಅವನು ನನ್ನನ್ನು ಸಮಾಧಾನಪಡಿಸಿದ.

ನಾನು ಹೇಳುತ್ತಿರುವ ಆ ವರ್ಷ ಅವನು ಕೊಪ್ಪದ ಸಂತೆಬೀದಿಯಿಂದ ಒಂದು ದೀಪದ ಸರ ತಂದ. ಬೈಲಕುಪ್ಪೆಯ ಪಕ್ಕದ ಆ ಕೊಪ್ಪದಲ್ಲಿ ಎಲ್ಲಿಂದಲೋ ಬಂದ ಅಗ್ಗದ ವಿದ್ಯುತ್ ಸಾಮಾನುಗಳು ರಾಶಿ ಬಿದ್ದಿರುತ್ತವೆ. ಈ ಸರ ಬರೀ ಮಿನುಗಿದ್ದರೆ ನನ್ನ ತಕರಾರಿರಲಿಲ್ಲ. ಅದು ಹಾಡುತ್ತಿತ್ತು. ತಂತಿಯ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ, ಅದರೊಳಗಿನಿಂದ ಮೂಗಿಗೆ ಕಡ್ಡಿ ಹಾಕಿಕೊಂಡ ಜೀರುಂಡೆಯಂತೆ ಒಂದೇ ಸಮ ಕೀರಲು ರಾಗ. ಶ್ರುತಿಯಿಲ್ಲ, ಲಯವಿಲ್ಲ, ಉಸಿರು ತೆಗೆದುಕೊಳ್ಳುವುದಂತೂ ಇಲ್ಲವೇ ಇಲ್ಲ. ಅದನ್ನು ದೇವಾಲಯದ ಒಳಗೇ, ವೇದಪಾಠದ ಪೀಠದ ಹಿಂದೆಯೇ, ಕಟ್ಟಿಬಿಟ್ಟಿದ್ದ.

"ಆನಂದಾ, ಪ್ರಾರ್ಥನೆಯ ಹೊತ್ತಿನಲ್ಲಾದರೂ ಅದನ್ನು ಆರಿಸಪ್ಪ."

"ಆರ್ಸಿದ್ರೆ ಲೈಟೂ ಹೋಗುತ್ತೆ ಮೇಷ್ಟ್ರೇ. ಎರಡೂ ಒಂದೇ ಕನೆಕ್ಷನ್ನು."

"ಹೋಗಲಿ. ಮೋಹನ ರಾಗದ ಕೀರ್ತನೆ ಹಾಡುವ ಜಾಗದಲ್ಲಿ ಇದು ಕಿರುಚುತ್ತಿದೆಯಲ್ಲ, ನಿನ್ನ ಕಿವಿಗೆ ಏನೂ ಅನ್ನಿಸುವುದಿಲ್ಲವೇ?"

"ಹುಡುಗ್ರು ಇಷ್ಟಪಡ್ತಾರೆ ಬಿಡಿ. ನಿಮ್ಮ ವಾಯ್ಸಿನ ಮುಂದೆ ಅದೇನು ಮಹಾ? ನೀವು ಬಾಯಿ ತೆಗೆದ್ರೆ ಅದು ಕೇಳೋದೇ ಇಲ್ಲ."

ಹೊಗಳಿಕೆಯ ವೇಷದಲ್ಲಿ ಬಂದ ಈ ಅಪಮಾನಕ್ಕೆ ತಕ್ಕ ಉತ್ತರ ಹೊಳೆದದ್ದು ನಾನು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ. ಸಭಾಪಾಲಕರಿಗೆ ದೂರು ಹೇಳಿದೆ. ಅವರು ಹೊಸಬರು, ಮೃದುಸ್ವಭಾವದವರು. "ಪ್ರಾರ್ಥಿಸೋಣ ಪಂಡಿತರೇ," ಎಂದರು. ಆ ಯಂತ್ರ ಕೆಟ್ಟುಹೋಗಲೆಂದು ಪ್ರಾರ್ಥಿಸುವುದು ಧರ್ಮಸಮ್ಮತವೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಕೇಳದೆಯೇ ಪ್ರಾರ್ಥಿಸಿದೆ. ಕೊಪ್ಪದ ಸಾಮಾನು ಅಷ್ಟು ಬಾಳಿಕೆ ಬರುವುದೆಂದು ಯಾರು ತಿಳಿದಿದ್ದರು?

ಇನ್ನು ಕಜ್ಜಾಯ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ಬಹಳ ಅಭಿಮಾನದ ತಿಂಡಿ. ಅಕ್ಕಿ ನೆನೆಸಿ, ನೆರಳಿನಲ್ಲಿ ಆರಲು ಹಾಕಿ, ಪೂರ್ತಿ ಒಣಗುವ ಮುನ್ನ ಪುಡಿ ಮಾಡಿ, ಬೆಲ್ಲದ ಪಾಕಕ್ಕೆ ಬೆರೆಸಿ, ಕೆಲವು ದಿನ ಮುಚ್ಚಿಡಬೇಕು. ಪಾಕವೇ ಅದರ ಜೀವ. ಹದ ಮೀರಿದರೆ ಕಲ್ಲು. ಹದ ಬರುವ ಮೊದಲೇ ಇಳಿಸಿದರೆ ಹಿಟ್ಟು ಎಣ್ಣೆಗೆ ಬಿದ್ದೊಡನೆ ಬಿಚ್ಚಿಕೊಂಡು ಬಾಣಲೆಯ ತುಂಬ ಹರಡಿಬಿಡುತ್ತದೆ. ಕರುಣಮ್ಮನ ಪಾಕ ಅದುವರೆಗೆ ಎಂದೂ ಕೆಟ್ಟಿರಲಿಲ್ಲ. ಪಾಕದ ಮುಂದೆ ಕೂತಾಗ ಅವಳು ಯಾರೊಂದಿಗೂ ಮಾತಾಡುವವಳಲ್ಲ.

ಆ ವರ್ಷ ಅವಳು ಪಾಕ ಹಿಡಿದು ಕೂತ ಹೊತ್ತಿಗೇ ಆನಂದಪ್ಪ ಬಂದ. ಕೈಯಲ್ಲಿ ಎರಡು ಸುರುಳಿ ಬಣ್ಣದ ಕಾಗದ. ವೇದಿಕೆಗೆ ಕೆಂಪು ಕಟ್ಟಬೇಕೋ ಹಸಿರು ಕಟ್ಟಬೇಕೋ ಎಂಬ ವಿಷಯದಲ್ಲಿ ಕಮಿಟಿ ಎರಡು ಪಂಗಡವಾಗಿದೆಯಂತೆ, ಕರುಣಮ್ಮನವರು ಹೇಳಿದ್ದೇ ಅಂತಿಮವಂತೆ.

"ಯಾವುದಾದರೂ ಕಟ್ಟಿ ಆನಂದಪ್ಪ. ಪಾಕ ಇಟ್ಟಿದ್ದೀನಿ," ಎಂದಳು ಒಳಗಿನಿಂದ.

"ಒಂದೇ ನಿಮಿಷ ಅಮ್ಮಾ, ಬೆಳಕಿಗೆ ಹಿಡಿದು ನೋಡಿಬಿಡಿ. ಇಲ್ದಿದ್ರೆ ಅಲ್ಲಿ ಹೊಡೆದಾಟ ಆಗುತ್ತೆ."

ಹೊಡೆದಾಟ ತಪ್ಪಿಸಲೆಂದು ಅವಳು ಪಾಕದ ಪಾತ್ರೆಯನ್ನು ಇಳಿಸಿ ಎದ್ದುಬಂದಳು. ಎರಡನ್ನೂ ಬೆಳಕಿಗೆ ಹಿಡಿದು, "ಹಸಿರು," ಎಂದಳು. ಒಳಗೆ ಹೋಗಿ, ಆಗಿಹೋಯಿತೆಂದುಕೊಂಡು ಹಿಟ್ಟು ಬೆರೆಸಿದಳು. ಕಟ್ಟಿದ್ದು ಕೆಂಪು. ಅದನ್ನು ನೆನೆದರೆ ಈಗಲೂ ನನ್ನ ರಕ್ತ ಕುದಿಯುತ್ತದೆ.

ಹಬ್ಬದ ಹಿಂದಿನ ದಿನ ಸಂಜೆ, ಮಾದರಿಗೆಂದು ಒಂದು ಕಜ್ಜಾಯ ತಟ್ಟಿ ಎಣ್ಣೆಗೆ ಬಿಟ್ಟಳು. ಅದು ಒಂದು ಗಳಿಗೆ ಯೋಚಿಸಿತು. ಆಮೇಲೆ ಅಂಚಿನಿಂದ ಬಿಚ್ಚಿಕೊಳ್ಳತೊಡಗಿ, ನೋಡನೋಡುತ್ತಿದ್ದಂತೆ ಬಾಣಲೆಯ ತುಂಬ ಕಪ್ಪು ಚೂರಾಗಿ ತೇಲಿತು. ಇನ್ನೊಂದು ಬಿಟ್ಟಳು. ಅದೂ ಹಾಗೆಯೇ. ಹಿಟ್ಟು ಸೇರಿಸಿ ಗಟ್ಟಿ ಮಾಡಬಹುದಿತ್ತು, ಆದರೆ ಮಾಡಿದ ಹಿಟ್ಟೆಲ್ಲ ಮುಗಿದಿತ್ತು. ಅಕ್ಕಿ ನೆನೆಸಿ ಆರಿಸುವುದಕ್ಕೆ ವೇಳೆ ಇರಲಿಲ್ಲ.

ಕರುಣಮ್ಮ ಒಲೆ ಆರಿಸಿದಳು. ಅಳಲಿಲ್ಲ, ಬೈಯಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತು, ಎರಡೂ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. ಹತ್ತಿರಹೋಗಿ ನೋಡಿದೆ. ದಿನಗಟ್ಟಲೆ ಕರಿದು ಕರಿದು ಬೆರಳ ತುದಿಗಳೆಲ್ಲ ಸಣ್ಣ ಸಣ್ಣ ಸುಟ್ಟ ಬೊಬ್ಬೆ. ಕಣ್ಣಿನ ಕೆಳಗೆ ಮಸಿ ಬಳಿದಂತೆ ಕಪ್ಪು. "ಅಷ್ಟು ಜನ ಬರ್ತಾರಲ್ರೀ," ಎಂದಳು. "ಚಕ್ಕುಲಿ, ಕೋಡುಬಳೆ ಹೊಟ್ಟೆ ತುಂಬಲ್ಲ. ಕಜ್ಜಾಯದ ಬದಲು ಅವರ ಮುಂದೆ ಏನಿಡಲಿ?"

ಆಗ ನನ್ನ ಕೋಪವೆಲ್ಲ ಒಟ್ಟಿಗೆ ಬಂತು. "ಏನೂ ಇಡಬೇಡ! ಬೆಂಕಿ ಬಿತ್ತು ಈ ಕಜ್ಜಾಯಕ್ಕೆ! ಲೋಕಕ್ಕೆ ಸಮಾಧಾನ ತಂದವನ ಹೆಸರಿನಲ್ಲಿ ಒಬ್ಬ ಹೆಂಗಸಿಗೆ ಒಂದು ದಿನದ ಸಮಾಧಾನ ಕೊಡಲಾರದ ಈ ಹಬ್ಬ ಯಾರಿಗೆ ಬೇಕಾಗಿದೆ? ನಾಳೆ ನೀನು ನನ್ನ ಜೊತೆ ದೇವಾಲಯಕ್ಕೆ ಬರುತ್ತೀ. ಬಂದವರು ನೀರು ಕುಡಿದು ಹೋಗಲಿ!"

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಒಂದು ತಲೆ ಇಣುಕಿತು. ಸಂಜೆಯ ಹಾಲು ತಂದ ಚಿಕ್ಕತಾಯಮ್ಮ. ಕಟ್ಟೆಮಳಲವಾಡಿಯಿಂದ ಮದುವೆಯಾಗಿ ಬಂದು, ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡಿರುವವಳು.

"ಅದ್ಯಾಕ್ ಮೇಷ್ಟ್ರೇ ಅಂಗ್ ಕೂಗ್ತೀರಿ? ನಮ್ಮೆಮ್ಮೆ ಬೆದರಿ ಹಗ್ಗ ಕಿತ್ಕತ್ತು," ಎಂದಳು. ಆಮೇಲೆ ಬಾಣಲೆ ನೋಡಿದಳು, ನೆಲದ ಮೇಲೆ ಕೂತವಳನ್ನು ನೋಡಿದಳು. "ಅಯ್ಯೋ, ಇಷ್ಟೇನಾ? ಬುಡಿ ಅಮ್ಮಾರೆ. ನಮ್ಮಣ್ಣ ಊರಿಂದ ಒಂದು ಮೂಟೆ ಅವರೆಕಾಯಿ ಕಳ್ಸವ್ನೆ. ನಾನೂ ನನ್ನ ಸೊಸೆನೂ ಸುಲಿದು ಮಡಗ್ತೀವಿ. ಬೆಳಿಗ್ಗೆ ದೊಡ್ಡ ಪಾತ್ರೇಲಿ ಅವರೆಕಾಳು ಉಪ್ಪಿಟ್ಟು ಕೆದಕ್ತೀನಿ. ನೀವು ಓಗಿ ನಿಮ್ ದ್ಯಾವ್ರತಾವ ಕುಂತ್ಕಳಿ."

"ಕ್ರಿಸ್ಮಸ್ಸಿಗೆ ಉಪ್ಪಿಟ್ಟಾ ಚಿಕ್ಕತಾಯಿ?"

"ಯಾಕೆ, ನಿಮ್ ಸ್ವಾಮಿ ಉಪ್ಪಿಟ್ಟು ತಿನ್ನಾಕಿಲ್ವಾ?"

ಕರುಣಮ್ಮ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕದ್ದು. "ನಿನಗ್ಯಾಕೆ ತೊಂದರೆ" ಎಂದು ಅವಳು ಶುರುಮಾಡುವಷ್ಟರಲ್ಲಿ ಚಿಕ್ಕತಾಯಮ್ಮ, "ನನ್ ಮಗನ್ ಮದ್ವೇಲಿ ನೀವು ಉಂಡ ಎಲೆ ತೆಗುದ್ರಲ್ಲ, ನಾನು ತೊಂದ್ರೆ ಅಂದಿದ್ನಾ? ಸುಮ್ಕಿರಿ," ಎಂದು ಹಾಲಿನ ಪಾತ್ರೆ ಇಟ್ಟು ಹೊರಟೇಹೋದಳು.

ಹಾಗೆ ಕರುಣಮ್ಮ ಕ್ರಿಸ್ಮಸ್ಸಿನ ನಸುಕಿನಲ್ಲಿ, ಮದುವೆಯ ಮಾವಿನೆಲೆ ಬಣ್ಣದ ಸೀರೆಯುಟ್ಟು, ನನ್ನ ಪಕ್ಕ ನಡೆದು ದೇವಾಲಯಕ್ಕೆ ಬಂದಳು. ಮಂಜು ಬಿದ್ದು ಹಾದಿ ಒದ್ದೆಯಾಗಿತ್ತು. ಒಳಗೆ ಹೋದಾಗ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಳು. ಭಾನುವಾರಗಳ ಮಾತು ಬೇರೆ; ಹಬ್ಬದ ದಿನ ಅಲ್ಲಿ ಎಲ್ಲ ಹೆಂಗಸರಿಗೂ ವರ್ಷಗಳಿಂದ ಗೊತ್ತಾದ ಜಾಗವಿತ್ತು, ಅವಳಿಗೊಬ್ಬಳಿಗೆ ಇರಲಿಲ್ಲ. ಕೊನೆಗೆ ಕಂಬದ ಪಕ್ಕ, ಮೂರನೆಯ ಬೆಂಚಿನ ತುದಿಯಲ್ಲಿ ಕೂತಳು. ಎಲ್ಲರೂ ತಿರುಗಿ ತಿರುಗಿ ನೋಡಿದರು. "ಕಜ್ಜಾಯ?" ಎಂದು ಯಾರೋ ಪಿಸುಗುಟ್ಟಿದ್ದೂ ನನಗೆ ಕೇಳಿಸಿತು. ಪೀಠದ ಹಿಂದೆ ಕೊಪ್ಪದ ಸರ ತನ್ನ ಪಾಡಿಗೆ ಕೀರುತ್ತಿತ್ತು.

ನಾನು ಆ ಪಾಠವನ್ನು ವಾರವೆಲ್ಲ ಅಭ್ಯಾಸ ಮಾಡಿದ್ದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಏರಬೇಕು, ದೂತರ ಸ್ತೋತ್ರ ಬಂದಾಗ ಮಾಡಿನ ಹೆಂಚು ಹೇಗೆ ಅದುರಬೇಕು, ಎಲ್ಲ ಗೊತ್ತುಮಾಡಿಕೊಂಡಿದ್ದೆ. ಮೊದಲ ಸಲ ಅವಳು ಕೇಳುವಳು. ಆ ಯಂತ್ರವನ್ನೂ ಕಮಿಟಿಯನ್ನೂ ಕೆಂಪು ಕಾಗದವನ್ನೂ ನನ್ನ ಕಂಠದಲ್ಲಿ ಮುಳುಗಿಸಿಬಿಡುತ್ತೇನೆ, ಅವಳು ಕಳೆದುಕೊಂಡ ಅಷ್ಟೂ ವರ್ಷಗಳ ಪಾಠವನ್ನು ಒಂದೇ ಸಲಕ್ಕೆ ಕೊಟ್ಟುಬಿಡುತ್ತೇನೆ ಎಂದು ಪೀಠ ಹತ್ತಿದೆ. ಗ್ರಂಥ ತೆರೆದೆ. ಎದೆತುಂಬ ಉಸಿರೆಳೆದುಕೊಂಡೆ. ಅವಳ ಕಡೆ ನೋಡಿದೆ.

ಕರುಣಮ್ಮ ನಿದ್ದೆ ಮಾಡುತ್ತಿದ್ದಳು.

ತೂಕಡಿಕೆಯಲ್ಲ. ತಲೆ ಕಂಬಕ್ಕೆ ಒರಗಿತ್ತು, ಬಾಯಿ ತುಸು ತೆರೆದಿತ್ತು, ಸುಟ್ಟ ಬೆರಳುಗಳ ಕೈಗಳು ಮಡಿಲಲ್ಲಿ ಸಡಿಲವಾಗಿ ಬಿದ್ದಿದ್ದವು. ಎಷ್ಟೋ ದಿನಗಳ ದಣಿವೆಲ್ಲ, ಎಷ್ಟೋ ವರ್ಷಗಳ ದಣಿವೆಲ್ಲ, ಕೂರಲು ಒಂದು ಜಾಗ ಸಿಕ್ಕೊಡನೆ ಅವಳನ್ನು ಎಳೆದುಕೊಂಡಿತ್ತು.

ನನಗೆ ಮೊದಲು ಬಂದದ್ದು ಕೋಪವೇ. ಯಾರ ಮೇಲೆ ಎಂದು ಕೇಳಬೇಡಿ. ಒಳಗೆ ಎಳೆದುಕೊಂಡ ಉಸಿರು ಎದೆಯಲ್ಲೇ ನಿಂತಿತ್ತು. ಸಭೆ ಕಾಯುತ್ತಿತ್ತು. ಈ ಉಸಿರನ್ನು ನಾನು ಎಂದಿನಂತೆ ಬಿಟ್ಟರೆ ಅವಳು ಬೆಚ್ಚಿ ಏಳುತ್ತಾಳೆ. ಎದ್ದರೆ ಪಾಠ ಕೇಳುತ್ತಾಳೆ. ಕೇಳಲೆಂದೇ ಅಲ್ಲವೇ ಕರೆತಂದದ್ದು?

ಉಸಿರನ್ನು ಮೆಲ್ಲನೆ ಹೊರಗೆ ಬಿಟ್ಟೆ. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದ ಕೋಣೆಯಲ್ಲಿ ಮಾತಾಡುವಂತೆ, ತುಟಿ ಅಲುಗಿದಷ್ಟೇ ಸದ್ದಿನಲ್ಲಿ, ಓದತೊಡಗಿದೆ.

ಮೊದಲ ಸಾಲುಗಳನ್ನು ಆ ಕೀರಲು ಯಂತ್ರ ನುಂಗಿಹಾಕಿತು. ಹಿಂದಿನ ಬೆಂಚಿನವರು ಕತ್ತು ಚಾಚಿದರು. ಪಂಡಿತರಿಗೆ ಏನಾಯಿತೆಂದು ಸಭಾಪಾಲಕರು ಗಾಬರಿಯಾದರು. ಆನಂದಪ್ಪ ನನ್ನನ್ನು ನೋಡಿದ, ನಾನು ನೋಡುತ್ತಿದ್ದ ಕಡೆ ನೋಡಿದ, ಕಂಬದ ಬಳಿ ಅವನ ಕಣ್ಣು ನಿಂತಿತು. ಆಮೇಲೆ ಚಪ್ಪಲಿಯಿಲ್ಲದ ಕಾಲಿನಲ್ಲಿ ಬೆಕ್ಕಿನಂತೆ ನಡೆದುಬಂದು, ಗೋಡೆಯಿಂದ ಪ್ಲಗ್ಗು ಕಿತ್ತ. ಕೇಳಿ ಕೇಳಿ, ಕೂಗಿ ಕೂಗಿ, ದೂರು ಕೊಟ್ಟು, ಗುಟ್ಟಾಗಿ ಪ್ರಾರ್ಥಿಸಿ ನನ್ನಿಂದ ಆಗದಿದ್ದನ್ನು ಅವಳು ಕಣ್ಣು ಮುಚ್ಚಿಕೊಂಡು ಮಾಡಿಸಿದ್ದಳು.

ಬಣ್ಣದ ದೀಪ ಆರಿತು. ಹಾಡು ನಿಂತಿತು. ಕಿಟಕಿಯಲ್ಲಿ ನಸುಬೆಳಕು ಮಾತ್ರ ಉಳಿಯಿತು. ಯಾರೂ ಕೆಮ್ಮಲಿಲ್ಲ. ಕುರುಬರು ಹೊಲದಲ್ಲಿ ಹಿಂಡು ಕಾಯುತ್ತಿದ್ದ ಭಾಗ ಬರುವ ಹೊತ್ತಿಗೆ ಇಡೀ ಸಭೆಗೆ ವಿಷಯ ತಿಳಿದಿತ್ತು. ದೂತರ ಸ್ತೋತ್ರವನ್ನು ನಾನು ಪಿಸುಮಾತಿನಲ್ಲಿ ಓದಿದೆ. ಸಮಾಧಾನ ಎಂಬ ಮಾತು ಬಂದಾಗ ಆ ಮಾತನ್ನು ನಾನು ಅದುವರೆಗೆ ಎಷ್ಟು ವರ್ಷಗಳಿಂದ ಕಿರುಚುತ್ತಿದ್ದೆನೆಂದು ನನ್ನ ಕಿವಿಗೇ ಗೊತ್ತಾಯಿತು. ತಂದೆಯ ಹಳ್ಳಿಯ ಹೊಸ ಹುಲ್ಲಿನ ವಾಸನೆ ಎಲ್ಲಿಂದಲೋ ಬಂದಂತಾಯಿತು.

ಓದು ಮುಗಿದು ಎಲ್ಲರೂ ಕೀರ್ತನೆಗೆ ಎದ್ದು ನಿಂತಾಗ ಬೆಂಚು ಅಲುಗಿ ಕರುಣಮ್ಮ ಕಣ್ಣು ಬಿಟ್ಟಳು. "ಎಣ್ಣೆ ಕಾಯ್ತಾ?" ಎಂದು ಕೇಳಿದಳು. ಹೆಂಗಸರ ಕಡೆ ಒಂದು ನಗೆ ಹರಿಯಿತು. ಹಾರ್ಮೋನಿಯಂ ನುಡಿಸುವವನೂ ನಕ್ಕು ಶ್ರುತಿ ತಪ್ಪಿದ.

ಮನೆಯಲ್ಲಿ ಚಿಕ್ಕತಾಯಮ್ಮನ ಉಪ್ಪಿಟ್ಟು ತಳ ಕಾಣುವವರೆಗೆ ಖಾಲಿಯಾಯಿತು. ರಹಮತ್ ಸಾಹೇಬರು ಮಾತ್ರ ಅಂಗಳದಲ್ಲಿ ನಿಂತು, "ಏನ್ ಮೇಷ್ಟ್ರೇ, ಮಣೆ ಮಾಡಿಸ್ಕೊಂಡು ಉಪ್ಪಿಟ್ಟು ತಿನ್ನಿಸ್ತೀರಲ್ಲ, ಇದು ನ್ಯಾಯವಾ?" ಎಂದು ಕೇಳಿ ಎರಡನೆಯ ಸಲ ಹಾಕಿಸಿಕೊಂಡರು. ಮುಂದಿನ ವರ್ಷ ಉಪ್ಪಿಟ್ಟೇ ಪದ್ಧತಿಯಾಯಿತು. ಅದನ್ನು ದೇವಾಲಯದ ಅಂಗಳದಲ್ಲೇ, ಆರಾಧನೆ ಮುಗಿದ ಮೇಲೆ ಎಲ್ಲರೂ ಸೇರಿ ಮಾಡುವುದೆಂದಾಯಿತು. ಗಂಡಸರೂ ಈರುಳ್ಳಿ ಹೆಚ್ಚುತ್ತಾರೆ, ಕೆಟ್ಟದಾಗಿ. ಆನಂದಪ್ಪ ಅದಕ್ಕೂ ಒಂದು ಬಹುಮಾನ ಇಡಬೇಕೆಂದು ಯೋಚಿಸುತ್ತಿದ್ದಾನೆಂದು ಕೇಳಿದ್ದೇನೆ. ನಾನು ಬದುಕಿರುವವರೆಗೆ ಅದು ನಡೆಯದು.

ಇವತ್ತಿಗೆ ಎಷ್ಟೋ ಕ್ರಿಸ್ಮಸ್ಸು ಕಳೆದಿವೆ. ಕರುಣಮ್ಮ ಈಗ ಪ್ರತಿ ವರ್ಷ ಬರುತ್ತಾಳೆ. ಕಂಬದ ಪಕ್ಕದ ಜಾಗ ಅವಳದೆಂದು ಎಲ್ಲರಿಗೂ ಗೊತ್ತು, ಯಾರೂ ಕೂರುವುದಿಲ್ಲ. ನಾನು ಗ್ರಂಥ ತೆರೆಯುತ್ತೇನೆ. ಅವಳು ಕಣ್ಣು ಮುಚ್ಚುತ್ತಾಳೆ. ಆ ಪ್ರಾಯದವಳು, ಆ ನಸುಕಿನ ಚಳಿಯಲ್ಲಿ, ಬೆಚ್ಚನೆಯ ಶಾಲು ಹೊದ್ದು ಕೂತರೆ ನಿದ್ದೆ ಬಾರದೆ ಇನ್ನೇನು ಬಂದೀತು? "ಮುಂದಿನ ವರ್ಷ ಖಂಡಿತ ಕೇಳ್ತೀನಿ ಬಿಡಿ," ಎಂದು ದಾರಿಯುದ್ದಕ್ಕೂ ಸಮಾಧಾನ ಹೇಳುತ್ತಾಳೆ.

ಕಳೆದ ಭಾನುವಾರ ಆನಂದಪ್ಪ ಮನೆಗೆ ಬಂದು ತಲೆ ಕೆರೆದುಕೊಳ್ಳುತ್ತ ನಿಂತ. ಅವನಿಗೂ ಈಗ ಕೂದಲು ನರೆತು ಮರೆವು ಹೆಚ್ಚಿದೆ. "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಹೊಸದಾಗಿ ಬಂದವ್ರು ಹೇಳ್ತಿದ್ರು, ಕ್ರಿಸ್ಮಸ್ ಪಾಠ ಹಿಂದಕ್ಕೆ ಕೇಳ್ಸೋದೇ ಇಲ್ವಂತೆ. ವಯಸ್ಸಾಯ್ತು, ವಾಯ್ಸು ಕುಗ್ಗಿದೆ. ಈ ಸಲ ಒಂದು ಮೈಕು ಇಡೋಣ್ವಾ?"

ಮೈಕು! ನನಗೆ! ಗಣಿತದ ಮೇಷ್ಟ್ರ ಕಿಟಕಿ ಮುಚ್ಚಿಸಿದವನಿಗೆ! ಕುರ್ಚಿಯಿಂದ ಅರ್ಧ ಎದ್ದೆ. ಈ ಬೀದಿಯ ಕೊನೆಯ ಎಮ್ಮೆಯೂ ಹಗ್ಗ ಕಿತ್ತುಕೊಳ್ಳುವಂಥ ಒಂದು ಉತ್ತರ ಗಂಟಲಿಗೆ ಬಂದಿತ್ತು.

ಒಳಗಿನ ಕೋಣೆಯಲ್ಲಿ ಕರುಣಮ್ಮ ಮಧ್ಯಾಹ್ನದ ನಿದ್ದೆಗೆ ಮಲಗಿದ್ದಳು. ಫ್ರಿಜ್ಜು ಚಾಲೂ ಆಯಿತು. ನಡುಗಲಿಲ್ಲ.

ನಾನು ಕೂತುಕೊಂಡೆ. "ಹೌದಪ್ಪ, ಕುಗ್ಗಿದೆ," ಎಂದೆ ಮೆತ್ತಗೆ. "ಮೈಕು ಮಾತ್ರ ಬೇಡ."